ಬಿಟ್ಟಿ ಮೇಷ್ಟ್ರು ಬೇಕಾಗಿದ್ದಾರೆ

ದೊಡ್ಡಗಾಜನೂರಿಗೆ ಬರುವ ಕಾರುಗಳಲ್ಲಿ ಎರಡು ಜಾತಿ. ಒಂದು, ರಾಜ್‌ಕುಮಾರ್ ಮನೆ ಎಲ್ಲಿ ಎಂದು ಕೇಳುತ್ತದೆ. ಇನ್ನೊಂದು, ಸರ್ಕಾರಿ ಸ್ಕೂಲ್ ಎಲ್ಲಿ ಎಂದು ಕೇಳುತ್ತದೆ. ಮೊದಲನೆಯದಕ್ಕೆ ಒಂದು ಸೆಲ್ಫಿ ಸಾಕು. ಎರಡನೆಯದಕ್ಕೆ ಸೆಲ್ಫಿಯಲ್ಲಿ ನಮ್ಮ ಮಕ್ಕಳೂ ಬೇಕು.

ಈ ಎರಡನೇ ಕಾರಿನವರು ಸ್ವಯಂಸೇವಕರು. ಶನಿವಾರ ನಸುಕಿಗೇ ಬೆಂಗಳೂರು ಬಿಟ್ಟು, ಚಾಮರಾಜನಗರದಲ್ಲಿ ತಿಂಡಿ ಮುಗಿಸಿ, ತಮಿಳುನಾಡಿನ ಗಡಿ ದಾಟಿ ನಮ್ಮನ್ನು ಉದ್ಧರಿಸಲು ಬರುತ್ತಾರೆ. ಇಂಗ್ಲಿಷ್ ಕಲಿಸುತ್ತಾರಂತೆ. ನಾಲ್ಕು ಬಣ್ಣದ ಹೆಸರು, ಐದು ಪ್ರಾಣಿಯ ಹೆಸರು, ಕುಣಿಯಲು ಒಂದು ಹಾಡು. ಬಣ್ಣದ ಕಾರ್ಡು ಎತ್ತಿ ಹಿಡಿದು ಇದು ಎಲಿಫೆಂಟ್ ಎನ್ನುತ್ತಾರೆ. ರಾತ್ರಿಯಿಡೀ ಬಾಳೆತೋಟದಲ್ಲಿ ಆನೆ ಓಡಿಸಿ ಬಂದವರ ಮಕ್ಕಳಿಗೆ.

ಮುಂದಿನ ಶನಿವಾರ ಅವರಿಲ್ಲ. ಎರಡು ತಿಂಗಳಾದ ಮೇಲೆ ಬೇರೆ ಕಾರು, ಬೇರೆ ಟೀಶರ್ಟು. ಪಾಠ ಮತ್ತೆ ಕೆಂಪು, ಹಳದಿಯಿಂದಲೇ ಶುರು. ಹಿಂದಿನವರು ಎಲ್ಲಿಗೆ ನಿಲ್ಲಿಸಿದ್ದರು ಎಂದು ಕೇಳುವ ವ್ಯವಧಾನ ಯಾರಿಗಿದೆ? ಮಕ್ಕಳು ಜಾಣರು. ಗೊತ್ತಿಲ್ಲದವರ ಹಾಗೆ ನಟಿಸುತ್ತಾರೆ. ಬಿಸ್ಕತ್ತು ಸಿಗುತ್ತದಲ್ಲ.

ಇದೇ ಮಂದಿ ನವೆಂಬರ್‌ನಲ್ಲಿ ಕೊರಳಿಗೆ ಹಳದಿ-ಕೆಂಪು ಶಾಲು ಸುತ್ತಿಕೊಂಡು ಬರುತ್ತಾರೆ. ಆಗ ಗಡಿನಾಡ ಕನ್ನಡ ಉಳಿಸಿ ಎಂದು ಭಾಷಣ. ಅವರ ಮನೆಯ ಕೂಸು ಯಾವ ಮಾಧ್ಯಮದಲ್ಲಿ ಓದುತ್ತಿದೆ ಎಂದು ಕೇಳಬೇಡಿ, ಬಂದವರಿಗೆ ಮುಜುಗರ ಮಾಡಬಾರದು. ಕನ್ನಡ ಉಳಿಸುವ ಹೊಣೆ ನಮ್ಮ ಮಕ್ಕಳದ್ದು, ಇಂಗ್ಲಿಷಿನ ಫಲ ಅವರ ಮಕ್ಕಳದ್ದು. ಹಂಚಿಕೆ ನ್ಯಾಯವಾಗಿಯೇ ಇದೆ.

ಇನ್ನು ಮಕ್ಕಳಿಗೆ ರಾಜಣ್ಣನ ಉದಾಹರಣೆ ಕೊಡುತ್ತಾರೆ ನೋಡಿ, ಅದು ಪರಮಾವಧಿ. ಶಾಲೆಯನ್ನು ಚಿಕ್ಕಂದಿನಲ್ಲೇ ಬಿಟ್ಟ ಈ ಊರಿನ ಮುತ್ತುರಾಜನಿಗೆ, ಅಂದರೆ ರಾಜ್‌ಕುಮಾರ್‌ಗೆ, ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಇಂಗ್ಲಿಷ್ ಹಾಡನ್ನೂ ಹಾಡಿದರು. 1982ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಯ ಮುಂದಾಳಾಗಿ ಬೀದಿಗಿಳಿದರು. ಇದೆಲ್ಲ ಎರಡು ತಿಂಗಳಿಗೊಂದು ಶನಿವಾರದಲ್ಲಿ ಬಂದದ್ದಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ವರ್ಷಗಟ್ಟಲೆ ತಾಲೀಮು ಮಾಡಿ ಬಂದದ್ದು. ತಿದ್ದುವವರು ಪಕ್ಕದಲ್ಲೇ ಇದ್ದರು. ಗ್ರೂಪ್ ಫೋಟೋ ಮುಗಿಸಿ ಕಾರು ಹತ್ತುತ್ತಿರಲಿಲ್ಲ.

ಆ ಗೋಕಾಕ್ ಚಳವಳಿಯ ಕರ್ನಾಟಕ ಆಮೇಲೆ ಏನು ಮಾಡಿತು? ಒಂದರಿಂದ ನಾಲ್ಕನೇ ತರಗತಿವರೆಗೆ ತಾಯಿನುಡಿ ಇಲ್ಲವೇ ಕನ್ನಡವೇ ಮಾಧ್ಯಮ ಎಂದು 1994ರಲ್ಲಿ ಆದೇಶ ಹೊರಡಿಸಿತು. 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. 2019ರಲ್ಲಿ ತಾನೇ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ನಮಗೆ ಮಾತ್ರ ಉಳಿಸಿ, ಬೆಳೆಸಿ.

ಅತ್ತ ತಮಿಳುನಾಡಿನದು ಇನ್ನೂ ಸೊಗಸು. 1968ರಿಂದ ದ್ವಿಭಾಷಾ ಸೂತ್ರ. ಮೂರು ಭಾಷೆ ಮಕ್ಕಳಿಗೆ ಹೊರೆ ಎಂದು ದಿಲ್ಲಿಯ ಜೊತೆ ಇವತ್ತಿಗೂ ಜಟಾಪಟಿ. ಸರಿಯಾದ ಮಾತೇ. ಆದರೆ ದಿಂಬಂ ಘಾಟಿಯ 27 ತಿರುವು ಹತ್ತಿ ನಮ್ಮ ತಾಳವಾಡಿಗೆ ಬಂದರೆ ಹೊರೆ ಹಗುರಾಗಿಬಿಡುತ್ತದೆ. ಇಲ್ಲಿನ ಕನ್ನಡದ ಮಗು 2006ರ ತಮಿಳು ಕಲಿಕೆ ಕಾಯ್ದೆಯಂತೆ ತಮಿಳು ಕಲಿಯಬೇಕು. ಇಂಗ್ಲಿಷ್ ಇದ್ದೇ ಇದೆ. ತಾಯಿನುಡಿ ಬೇಕೆ? ಅದೋ, ಕೊನೆಯಲ್ಲಿ ಐಚ್ಛಿಕವೆಂದು ಇಟ್ಟಿದ್ದೇವೆ, ಇಷ್ಟವಿದ್ದರೆ ಎತ್ತಿಕೊ. ಸೋಲಿಗರ ಮಗುವಾದರೆ ಮನೆಮಾತು ಬೇರೆ. ಒಟ್ಟು ನಾಲ್ಕು. ದ್ವಿಭಾಷೆಯ ನಾಡಿನಲ್ಲಿ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾಷೆಯ ಹೆಸರಿನಲ್ಲಿ ಈ ಊರು ಕಂಡಷ್ಟನ್ನು ಬೇರೆ ಊರು ಕಂಡಿಲ್ಲ. 2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ಇಲ್ಲಿಂದಲೇ ಹೊತ್ತೊಯ್ದ ಕಾಡುಗಳ್ಳ ವೀರಪ್ಪನ್, ಬೇಡಿಕೆ ಪಟ್ಟಿಯಲ್ಲಿ ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯನ್ನೂ ಸೇರಿಸಿದ್ದ. 108 ದಿನ ಎರಡೂ ರಾಜ್ಯ ಉಸಿರು ಬಿಗಿಹಿಡಿದವು. 2009ರ ಆಗಸ್ಟ್‌ನಲ್ಲಿ ತಿರುವಳ್ಳುವರ್‌ಗೆ ಹಲಸೂರು ಕೆರೆಯ ಬಳಿ ಜಾಗ ಸಿಕ್ಕಿತು. ಸರ್ವಜ್ಞನಿಗೆ ಚೆನ್ನೈನ ಅಯನಾವರದಲ್ಲಿ ಜಾಗ ಸಿಕ್ಕಿತು. ಇಬ್ಬರು ಮುಖ್ಯಮಂತ್ರಿಗಳು ಕೈ ಕುಲುಕಿದರು. ತಾಳವಾಡಿಯಲ್ಲಿ ಕನ್ನಡ ಮೇಷ್ಟ್ರ ಹುದ್ದೆ ಖಾಲಿ ಬಿದ್ದರೆ ಇವರಲ್ಲಿ ಯಾರ ಬಾಗಿಲು ತಟ್ಟಬೇಕು ಎಂಬುದು ಆ ಸಮಾರಂಭದ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಹುದ್ದೆ ಯಾಕೆ ಬೇಕು, ಸೇವೆ ಇದೆಯಲ್ಲ!

ಕೊರೊನಾ ಕಾಲದಲ್ಲಿ ಮಕ್ಕಳು ಓದು ಮರೆತಾಗ ತಮಿಳುನಾಡು 2021ರಲ್ಲಿ ಇಲ್ಲಂ ತೇಡಿ ಕಲ್ವಿ (ಮನೆಬಾಗಿಲಿಗೆ ಕಲಿಕೆ) ಯೋಜನೆ ಶುರು ಮಾಡಿತು. ಊರಿನ ಓದಿದ ಹೆಣ್ಣುಮಕ್ಕಳೇ ಹೆಚ್ಚಾಗಿ ಮುಂದೆ ಬಂದರು. ಸಂಜೆ ಒಂದೂವರೆ ಗಂಟೆ ಪಾಠ. ತಿಂಗಳಿಗೆ 1000 ರೂಪಾಯಿ. ಬಾಳೆತೋಟದ ಕೂಲಿಗೆ ಹೋದರೆ ಕೆಲವೇ ದಿನದಲ್ಲಿ ಕೈಗೆ ಬರುವ ಹಣ. ಶನಿವಾರದ ಕಾರಿಗಿಂತ ಇದು ಸಾವಿರ ಪಾಲು ಮೇಲು, ಒಪ್ಪುತ್ತೇನೆ. ಕಲಿಸುವವಳು ಪಕ್ಕದ ಬೀದಿಯವಳು. ಮಗು ಬರದಿದ್ದರೆ ಮನೆಗೇ ಹೋಗಿ ಎಳೆದು ತರುತ್ತಿದ್ದಳು.

ಆದರೆ ಅವಳು ಕೆಲಸ ಕೇಳಿದರೆ? ಟಿಇಟಿ ಎಲ್ಲಿ, ಡಿಎಲ್‌ಎಡ್ ಎಲ್ಲಿ? ಸಾವಿರ ರೂಪಾಯಿಗೆ ಪ್ರೈಮರಿ ಮಕ್ಕಳಿಗೆ ಕಲಿಸಲು ಹನ್ನೆರಡನೇ ಕ್ಲಾಸ್ ಸಾಕಾಗಿತ್ತು. ಸಂಬಳಕ್ಕೆ ಕಲಿಸಲು ಸಾಲದು. ಮಕ್ಕಳು ಅವೇ.

ದಿಲ್ಲಿಯವರು ಆ ಸಾವಿರವನ್ನೂ ಉಳಿಸಿದರು. ದೊಡ್ಡವರಿಗೆ ಅಕ್ಷರ ಕಲಿಸುವ ಉಲ್ಲಾಸ್ ಯೋಜನೆ, 2022ರಿಂದ 2027ರವರೆಗೆ. ಗುರಿ 5 ಕೋಟಿ ಜನ. ಹಣ 1037.90 ಕೋಟಿ ರೂಪಾಯಿ. ಭಾಗಿಸಿ ನೋಡಿ: ತಲೆಗೆ ಇನ್ನೂರು ಚಿಲ್ಲರೆ, ಅದೂ ಐದು ವರ್ಷಕ್ಕೆ. ಕಲಿಸುವವರಿಗೆ ಏನು? ಕರ್ತವ್ಯಬೋಧೆ. ತಮಾಷೆಯಲ್ಲ, ಯೋಜನೆಯ ಮಾರ್ಗಸೂಚಿಯ ಮಾತೇ ಅದು. ದೇಶದ ಮೇಲಿನ ಕರ್ತವ್ಯಪ್ರಜ್ಞೆಯಿಂದ ಬಂದು ಕಲಿಸಿ, ಕೈ ಬೀಸಿಕೊಂಡು ಹೋಗಿ.

ಕಲಿಯುವವರ ಪಾಡು ಕೇಳಿ. ನಮ್ಮ ಓಣಿಯ ಅಜ್ಜಿಯೊಬ್ಬರು ಹಟ ಹಿಡಿದು ತಮ್ಮ ಹೆಸರು ಬರೆಯಲು ಕಲಿತರು. ಕಲಿಸಲು ಕೂತಾಗಲೇ ತಕರಾರು: ಯಾವ ಅಕ್ಷರ ಹೇಳಿಕೊಡುವುದು? ಆಡುವ ಮಾತು ಕನ್ನಡ. ಜಮೀನಿನ ಪಟ್ಟಾ, ರೇಷನ್ ಕಾರ್ಡು, ಸತ್ಯಮಂಗಲದ ಬಸ್ಸಿನ ಬೋರ್ಡು ತಮಿಳು. ಚಾಮರಾಜನಗರದ ಆಸ್ಪತ್ರೆಗೆ ಹೋದರೆ ಮತ್ತೆ ಕನ್ನಡ. ಅಕ್ಷರ ಕಲಿಸುವ ಪುಸ್ತಕ ಬರೆದವರಿಗೆ ಇಂಥ ಅಜ್ಜಿಯರ ಸುದ್ದಿಯೇ ಇಲ್ಲ. ಕೊನೆಗೆ ಅಜ್ಜಿ ಎರಡರಲ್ಲೂ ಸಹಿ ಕಲಿತರು. ಪೆನ್ನು ಸಮೇತ ರೇಷನ್ ಅಂಗಡಿಗೆ ಹೋದರು.

ಅಂಗಡಿಯವನು ಮಷೀನು ಮುಂದಕ್ಕೆ ತಳ್ಳಿದ. ಹೆಬ್ಬೆಟ್ಟು ಒತ್ತಿ.

ಬೆರಳಚ್ಚು ಇಲ್ಲದೆ ಅಕ್ಕಿಯಿಲ್ಲ ಎಂದ. ಅಜ್ಜಿಯ ಬೆರಳಿನ ಗೆರೆಗಳು ಅರಿಶಿನ ಕಿತ್ತು, ಕಳೆ ಕಿತ್ತು ಯಾವಾಗಲೋ ಸವೆದುಹೋಗಿವೆ. ಮಷೀನು ಒಲ್ಲೆ ಎಂದಿತು. ಒರೆಸಿ ಒತ್ತಿದರು, ಒಲ್ಲೆ. ಸಹಿ ಹಾಕುತ್ತೇನೆ ಎಂದರೆ, ಸಹಿಗೆ ಇಲ್ಲಿ ಜಾಗವಿಲ್ಲ ಎಂದ. ವಾಪಸ್ ಬಂದವರು ನನ್ನನ್ನು ಹಿಡಿದುಕೊಂಡರು: "ಹೆಬ್ಬೆಟ್ಟು ಬ್ಯಾಡ ಅಕ್ಸರ ಕಲಿ ಅಂದೋರೂ ನೀವೇ, ಅಕ್ಸರ ಬ್ಯಾಡ ಹೆಬ್ಬೆಟ್ಟು ಒತ್ತು ಅನ್ನೋರೂ ನೀವೇ. ಯಾವುದಪ್ಪ ನೆಟ್ಟಗೆ?"

ನನ್ನಲ್ಲಿ ಉತ್ತರವಿರಲಿಲ್ಲ. ಸರ್ಕಾರದ ಬಳಿ ಇದೆ. 2024ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಒಂದು ವ್ಯಾಖ್ಯಾನ ಕೊಟ್ಟಿತು: ಶೇ 95ರಷ್ಟು ಜನ ಸಾಕ್ಷರರಾದರೆ ಅದನ್ನು ಪೂರ್ಣ ಸಾಕ್ಷರತೆ ಎಂದೇ ಎಣಿಸಬಹುದು. 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾ ಒಂದರ ಹಿಂದೊಂದು ಹಾಗೆ ಘೋಷಿಸಿಕೊಂಡವು. ಇದೇ ಉಲ್ಲಾಸ್ ಯೋಜನೆಯಲ್ಲಿ ಕಲಿಯುವವರಿಗೆ 150 ಅಂಕದ ಪರೀಕ್ಷೆ ಇದೆ, ಅದರಲ್ಲಿ 50 ಅಂಕ ಲೆಕ್ಕಕ್ಕೆ. 95 ಎಂದರೆ 100 ಎಂದು ಅಜ್ಜಿ ಬರೆದರೆ ಸೊನ್ನೆ. ಸಚಿವಾಲಯ ಬರೆದರೆ ಸಮಾರಂಭ.

ಕರ್ತವ್ಯಬೋಧೆಯ ಮಾತು ಟೈಪು ಮಾಡಿದವರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ, ತುಟ್ಟಿಭತ್ಯೆ ಬರುತ್ತದೆ. 2025ರ ಜನವರಿಯಲ್ಲಿ ಅವರಿಗಾಗಿ 8ನೇ ವೇತನ ಆಯೋಗಕ್ಕೂ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸೇವೆಯೆಂದು ತಿಳಿದು ಸುಮ್ಮನೆ ಕೆಲಸ ಮಾಡಿ ಎಂದು ಅಲ್ಲಿ ಯಾರೂ ಯಾರಿಗೂ ಹೇಳಲಿಲ್ಲ.