ಕುಂಕುಮದ ಕೆಳಗಿನ ತಾರೀಖು

ನಮ್ಮ ಭಾವ ರಾಹುಕಾಲ ನೋಡದೆ ಕ್ಷೌರಕ್ಕೂ ಹೊರಡುವವರಲ್ಲ. ಚಾಮರಾಜಪೇಟೆಯ ಅವರ ನಡುಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಮೊಳೆಗೆ ನೇತಾಡುತ್ತಿರುತ್ತದೆ. ನಂದಿನಿ ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಅಂಟಿಸಿಕೊಂಡು ಓದಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ದಿನ ಹಳತಾದ ಬ್ರೆಡ್ಡನ್ನು ವಾಪಸ್ ಕೊಡಲಿಕ್ಕೆಂದೇ ಗಾಂಧಿಬಜಾರಿಗೆ ನಡೆದುಹೋಗಿ, ಅಂಗಡಿಯವನಿಗೆ ಅರ್ಧ ಗಂಟೆ ನೀತಿ ಬೋಧಿಸಿ ಬಂದವರು. ಇಂಥವರು ಹದಿನಾರು ವರ್ಷದಿಂದ ಒಂದು ಗ್ಯಾಸ್ ಟ್ಯಾಂಕಿನ ಮೇಲೆ ನಮ್ಮಕ್ಕನನ್ನು ಮಲಗಿಸಿಕೊಂಡು ಕುಕ್ಕೆ, ಧರ್ಮಸ್ಥಳ, ಶೃಂಗೇರಿ ಸುತ್ತುತ್ತಿದ್ದಾರೆ. ಅದರ ತಾರೀಖು ಕೇಳಿದರೆ, "ಕಬ್ಬಿಣಕ್ಕೆಂಥ ತಾರೀಖಪ್ಪಾ?" ಅನ್ನುತ್ತಾರೆ.

ಗಾಡಿ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಲ್ಲಿ ರಸ್ತೆಗಿಳಿದು, 2019ರಲ್ಲಿ ತಯಾರಿಕೆ ನಿಲ್ಲುವ ತನಕ ಈ ಡಬ್ಬಿ ಮಾಡದ ಕೆಲಸವಿಲ್ಲ. ಮಲ್ಲೇಶ್ವರದ ಮಕ್ಕಳನ್ನು ಶಾಲೆಗೆ ಹೊತ್ತಿದೆ, ಮದುವೆ ಅಡುಗೆಯವರ ಕೊಳದಪ್ಪಲೆ ಹೊತ್ತಿದೆ, ಆಂಬುಲೆನ್ಸ್ ಆಗಿದೆ. ಸಿನಿಮಾದಲ್ಲಿ ನಾಯಕಿಯನ್ನು ಎತ್ತಿ ಹಾಕಿಕೊಂಡು ಹೋಗುವುದಕ್ಕಂತೂ ಖಳರಿಗೆ ಬೇರೆ ಗಾಡಿಯೇ ಆಗಿಬರುತ್ತಿರಲಿಲ್ಲ. ಭಾವ ಅದನ್ನು ಮನೆ ಮಾಡಿದ್ದಾರೆ. ನಡುವಿನ ಸೀಟು ಕಿತ್ತು ಪ್ಲೈವುಡ್ ಹಲಗೆ, ಅದರ ಮೇಲೆ ತೆಂಗಿನ ನಾರಿನ ಹಾಸಿಗೆ, ಕಿಟಕಿಗೆ ಅಕ್ಕನ ಹಳೇ ಸೀರೆಯ ಪರದೆ, ಕಾಲ ಬಳಿ ಎರಡು ಬರ್ನರಿನ ಸ್ಟವ್, ಅದಕ್ಕೆ ಮನೆಯ ಕೆಂಪು ಸಿಲಿಂಡರ್. ಗಾಡಿ ಓಡುವುದಕ್ಕೆ ಬೇರೆ ಗ್ಯಾಸು. ಅದರ ಟ್ಯಾಂಕು ತಲೆದಿಂಬಿನ ಕೆಳಗೆ. ಒಂದು ಗ್ಯಾಸಿನ ಮೇಲೆ ಮಲಗಿ ಇನ್ನೊಂದು ಗ್ಯಾಸಿನಲ್ಲಿ ಕಾಫಿ ಕಾಸಿಕೊಳ್ಳುವ ವ್ಯವಸ್ಥೆ.

ಇದಕ್ಕೆ ಮೋಟರ್‌ಹೋಮ್ ಅನ್ನುತ್ತಾರೆಂದು ಕಲಿಸಿದವನು ಜರ್ಮನಿಯಲ್ಲಿರುವ ಅಕ್ಕನ ಮಗ. ಹೆಸರು ಕಲಿಸಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ವಿಡಿಯೋ ಕಾಲಿನಲ್ಲಿ ಗಾಡಿಯ ಒಳಗನ್ನು ನೋಡಿ ಅವನ ಮುಖ ಬಿಳಚಿಕೊಂಡಿತು. "ಅಪ್ಪಾ, ಇಲ್ಲಿ ಇಂಥ ಗಾಡಿಗೆ ಎರಡು ವರ್ಷಕ್ಕೊಂದು ಸಲ ಗ್ಯಾಸ್ ಪರೀಕ್ಷೆ ಮಾಡಿಸಲೇಬೇಕು. ಹತ್ತು ವರ್ಷ ಆದಮೇಲೆ ರೆಗ್ಯುಲೇಟರು, ಪೈಪು ಚೆನ್ನಾಗಿದ್ದರೂ ಕಿತ್ತೆಸೆಯಬೇಕು" ಅಂದ.

"ಚೆನ್ನಾಗಿರೋದನ್ನ ಯಾಕೋ ಎಸೀಬೇಕು? ನಮ್ಮಜ್ಜಿ ಕಾಲದ ಕೊಳಗ ಇನ್ನೂ ಹಂಗೇ ಇದೆ."

ಅಜ್ಜಿಯ ಕೊಳಗದಲ್ಲಿ ಇರುತ್ತಿದ್ದದ್ದು ರಾಗಿ ಎಂದು ಮಗ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅಥವಾ ಭಾವನೇ ಆಫ್ ಮಾಡಿದರೋ, ಗೊತ್ತಿಲ್ಲ. ಆಮೇಲೆ ಅವನು ನನಗೆ ಫೋನ್ ಮಾಡಿ, "ಮಾವ, ನೀವೇ ಹೋಗಿ ಆ ಟ್ಯಾಂಕಿನ ಮೇಲೆ ಏನು ಬರೆದಿದೆ ನೋಡಿ" ಅಂತ ಗಂಟುಬಿದ್ದ.

ಹೋದೆ. ಬೀದಿಯ ಹೊಂಗೆಮರದ ಕೆಳಗೆ ಗಾಡಿ ನಿಂತಿತ್ತು. ಹಾಸಿಗೆ ಎತ್ತಿ, ಹಲಗೆ ಸರಿಸಿ, ಟಾರ್ಚು ಬಿಟ್ಟೆ. ಟ್ಯಾಂಕಿಗೆ ಒಂದು ತಗಡಿನ ಪಟ್ಟಿ ಇರುತ್ತದೆ. ತಯಾರಾದ ತಿಂಗಳು, ವರ್ಷ, ಪರೀಕ್ಷೆಯ ತಾರೀಖು ಎಲ್ಲ ಕೊರೆದಿರುತ್ತಾರೆ. ಪಟ್ಟಿ ಇತ್ತು, ಅಕ್ಷರ ಮಾತ್ರ ಇರಲಿಲ್ಲ. ನಮ್ಮಕ್ಕ ಭಕ್ತೆ. ಪ್ರತಿ ಆಯುಧಪೂಜೆಗೂ ಸ್ಟೇರಿಂಗಿಗೆ ಒಂದು ಬೊಟ್ಟು, ಎಂಜಿನ್ನಿಗೆ ಒಂದು ಬೊಟ್ಟು, ಟ್ಯಾಂಕಿನ ಮೇಲೆ ಸಮತಟ್ಟಾಗಿ ಸಿಗುವ ಜಾಗ ಆ ಪಟ್ಟಿಯೊಂದೇ ಆದ್ದರಿಂದ ಅಲ್ಲಿ ಮೂರು ಬೆರಳಿನ ಗಂಧ, ಅದರ ಮೇಲೆ ಕುಂಕುಮ. ಉಗುರಿನಿಂದ ಕೆರೆದೆ, ಬರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ತಿಕ್ಕಿದೆ. ಮೊದಲು ಹೋದ ವರ್ಷದ ಕುಂಕುಮ ಬಿಟ್ಟಿತು, ಅದರಡಿ ಕಲ್ಲಾದ ಗಂಧ, ಅದರಡಿ ಅರಿಶಿನ, ಮತ್ತೆ ಕುಂಕುಮ, ಮಧ್ಯೆ ಯಾವ ಕಾಲದ್ದೋ ಒಂದು ಸೇವಂತಿಗೆ ಎಸಳು. ಹಂಪಿಯಲ್ಲಿ ಅಗೆಯುವವರಿಗೂ ಇಷ್ಟು ಪದರ ಸಿಕ್ಕುವುದಿಲ್ಲ. ಕೊನೆಗೆ ನಾಲ್ಕು ಅಂಕಿ ಕಂಡವು. 2009.

ನಿಯಮ ಸರಳವಾಗಿದೆ. ಗಾಡಿಗೆ ಕೂರಿಸಿದ ಎಲ್‌ಪಿಜಿ ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ, ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಪರೀಕ್ಷೆ ಮಾಡಿಸಬೇಕು. ಪರೀಕ್ಷಾ ಕೇಂದ್ರಗಳಿಗೆ ಪರವಾನಗಿ ಕೊಡುವುದು ನಾಗಪುರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಈ ಇಲಾಖೆ ಹುಟ್ಟಿದ್ದು 1898ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿಗೆ ಪ್ಲೇಗು ಬಂದದ್ದೂ ಅದೇ ವರ್ಷ. ಪೇಟೆಯ ಇಕ್ಕಟ್ಟಿಗೆ ಹೆದರಿ ಬಸವನಗುಡಿ, ಮಲ್ಲೇಶ್ವರ ಕಟ್ಟಿದ್ದೂ ಅದರ ಬೆನ್ನಿಗೇ. ಇಲಿ ಸತ್ತುಬಿದ್ದರೆ ಊರನ್ನೇ ಬಿಟ್ಟು ಹೊಸ ಬಡಾವಣೆ ಕಟ್ಟಿಕೊಂಡವರ ಮೊಮ್ಮಕ್ಕಳು ನಾವು. 2014, 2019, 2024: ಭಾವನ ಟ್ಯಾಂಕು ಮೂರು ಪರೀಕ್ಷೆಗೆ ಚಕ್ಕರ್ ಹೊಡೆದಿದೆ. ಅವರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಂದು ಕಿರುಪರೀಕ್ಷೆ ತಪ್ಪಿಸಿದ್ದಕ್ಕೆ ಮನೆಯಲ್ಲಿ ಮೂರು ದಿನ ಮಾತು ನಿಂತಿತ್ತು.

"ಪರೀಕ್ಷೆ ಅಂದರೆ ಏನು ಮಾಡ್ತಾರಪ್ಪಾ ಅದಕ್ಕೆ?" ಎಂದು ಭಾವ ಕೇಳಿದರು. ಇರುವ ಗ್ಯಾಸು ತೆಗೆದು, ವಾಲ್ವು ಬಿಚ್ಚಿ, ಒಳಗೂ ಹೊರಗೂ ತುಕ್ಕು, ತಗ್ಗು ನೋಡಿ, ನೀರು ತುಂಬಿಸಿ, ದಿನನಿತ್ಯಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ತಡೆಯುತ್ತದೋ ಇಲ್ಲವೋ ನೋಡುತ್ತಾರೆ ಎಂದೆ. ನೀರೇ ಯಾಕೆ, ಗಾಳಿ ಹೊಡೆದರಾಗದೇ ಎಂದರು. ಒಳ್ಳೆಯ ಪ್ರಶ್ನೆ. ಗಾಳಿಯನ್ನು ಒತ್ತಿದರೆ ಅದು ಸ್ಪ್ರಿಂಗಿನ ಹಾಗೆ ಸಿಟ್ಟನ್ನೆಲ್ಲ ಒಳಗಿಟ್ಟುಕೊಳ್ಳುತ್ತದೆ. ಟ್ಯಾಂಕು ಬಿರಿದರೆ ಅಷ್ಟೂ ಸಿಟ್ಟು ಒಮ್ಮೆಗೇ ಹೊರಗೆ. ನೀರು ಎಷ್ಟು ಒತ್ತಿದರೂ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ; ಬಿರಿದರೆ ಚಿಮ್ಮಿ ಸುಮ್ಮನಾಗುತ್ತದೆ. ನಮ್ಮಕ್ಕನದು ಗಾಳಿಯ ಸ್ವಭಾವ, ಭಾವನದು ನೀರಿನದು. ಆ ಸಂಸಾರ ಬಿರಿಯದೆ ಉಳಿದಿರುವುದು ಅದರಿಂದಲೇ ಎಂದು ನನ್ನ ಅನುಮಾನ.

ಬಂಕಿನಲ್ಲೂ ಭಾವನದೊಂದು ಹಳೇ ಜಗಳ ಇದೆ. "ದುಡ್ಡು ಕೊಡ್ತೀನಲ್ಲ, ಫುಲ್ ಮಾಡು" ಎನ್ನುತ್ತಾರೆ. ಶೇಕಡಾ 80ಕ್ಕೆ ಟ್ಯಾಂಕಿನ ವಾಲ್ವೇ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿದ ಇಪ್ಪತ್ತರಷ್ಟನ್ನು ಬಂಕಿನವನೇ ನುಂಗುತ್ತಿದ್ದಾನೆಂದು ಅವರ ಗಟ್ಟಿ ನಂಬಿಕೆ. ಏಪ್ರಿಲ್ ಬಿಸಿಲಲ್ಲಿ ದ್ರವ ಉಬ್ಬುವುದಕ್ಕೆ ಬಿಟ್ಟ ಜಾಗ ಅದು, ದೋಸೆಹಿಟ್ಟನ್ನು ಪಾತ್ರೆಯ ಕಂಠದ ತನಕ ಯಾರೂ ತುಂಬುವುದಿಲ್ಲವಲ್ಲ ಎಂದಾಗ ಅಕ್ಕನಿಗೆ ತಟ್ಟನೆ ಅರ್ಥವಾಯಿತು. ಭಾವನಿಗೆ ಈಗಲೂ ಅನುಮಾನವೇ.

ಸರಿ, ಪರೀಕ್ಷೆಗೆ ಒಪ್ಪಿದರು. ಆದರೆ ನಮ್ಮ ಊರಿನಲ್ಲಿ ಪರೀಕ್ಷೆ ಎರಡು ಬಗೆ: ಟ್ಯಾಂಕಿನದು, ಕಾಗದದ್ದು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳಲು ಹೋದವರಿಗೆ ಅಲ್ಲೇ ಚಹಾ ಕುಡಿಯುತ್ತಿದ್ದ ಯಾರೋ ಮಹಾನುಭಾವ ಎರಡನೆಯ ದಾರಿ ತೋರಿಸಿದ. "ಟ್ಯಾಂಕ್ ಬಿಚ್ಚೋದೇನೂ ಬೇಡ ಸಾರ್. ಆರ್‌ಸಿ ಫೋಟೋ ವಾಟ್ಸ್ಯಾಪ್ ಮಾಡಿ, ಸಾಯಂಕಾಲ ಸರ್ಟಿಫಿಕೇಟ್ ಬರುತ್ತೆ." ಭಾವ ಪುಳಕಿತರಾದರು. ನೀರಿಲ್ಲ, ಒತ್ತಡವಿಲ್ಲ, ಟ್ಯಾಂಕೂ ಇಲ್ಲ. ಪೇಟೆಯಲ್ಲಿ ಕೂತವನು ಕಾಣದ ಕಬ್ಬಿಣದ ನಾಡಿ ಹಿಡಿದು ಆಯುಷ್ಯ ಹೇಳುತ್ತಾನೆ. ಜಾತಕ ಹೇಳುವವರೂ ಹುಟ್ಟಿದ ಗಳಿಗೆಯನ್ನಾದರೂ ಕೇಳುತ್ತಾರೆ.

ಇದೇನು ಹೊಸದಲ್ಲ. ಹದಿನೈದು ವರ್ಷ ದಾಟಿದ ಓಮ್ನಿಯ ನೋಂದಣಿ ನವೀಕರಣಕ್ಕೆ ಹೋದ ದಿನ ನಾನೂ ಜೊತೆಗಿದ್ದೆ. ಗಾಡಿ ಮದುವೆ ಗಂಡಿನ ಹಾಗೆ ಸಿಂಗರಿಸಿಕೊಂಡಿತ್ತು. ಟೈರು ಪಕ್ಕದ ಮನೆಯವರದು, ವೈಪರು ಗ್ಯಾರೇಜಿನದು, ಬೆಂಕಿ ಆರಿಸುವ ಕೆಂಪು ಡಬ್ಬಿ ಬಾಡಿಗೆಗೆ. ನಮ್ಮ ಗಾಡಿ ಪಾಸಾದ ತಕ್ಷಣ ಆ ಡಬ್ಬಿ ನಮ್ಮ ಹಿಂದಿನ ಗಾಡಿಗೆ ಹತ್ತಿತು, ಅಲ್ಲಿಂದ ಅದರ ಹಿಂದಿನದಕ್ಕೆ. ಬೆಂಕಿ ನಿಜವಾಗಿ ಬಿದ್ದರೆ ಅವತ್ತಿನ ಸರತಿಯಲ್ಲಿ ಡಬ್ಬಿ ಎಲ್ಲಿದೆ ಎಂದು ಕೂಗಿ ಕೇಳಬೇಕು. ಗ್ಯಾಸ್ ಟ್ಯಾಂಕನ್ನು ಯಾರೂ ನೋಡಲಿಲ್ಲ. ಹಾಸಿಗೆಯ ಕೆಳಗಿತ್ತಲ್ಲ, ಮರ್ಯಾದಸ್ಥರ ಮನೆಯ ಹಾಸಿಗೆ ಎತ್ತಿ ನೋಡುವುದುಂಟೇ.

ನಾನು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ, ಅಕ್ಕ ಮಾತಿನ ಮಧ್ಯೆ ನಗುತ್ತಾ ಹೇಳಿದ ಒಂದು ಸಂಗತಿ. ಹೋದ ಸಲ ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ಗಾಡಿಯೊಳಗೆ ಏನೋ ಕೊಳೆತ ಕೋಸಿನ ವಾಸನೆ. "ನಿಮ್ಮ ಭಾವ ಇದ್ದಾರಲ್ಲ, ಗಾಡಿ ನಿಲ್ಲಿಸಿ ಎರಡು ಊದುಬತ್ತಿ ಹಚ್ಚಿಟ್ಟರು ನೋಡು, ಹತ್ತು ನಿಮಿಷಕ್ಕೆ ವಾಸನೆಯೇ ಇಲ್ಲ!"

ಎಲ್‌ಪಿಜಿಗೆ ಸ್ವಂತದ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿದರೆ ಮೂಗಿಗೆ ತಿಳಿಯಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ನಾತವನ್ನು ಬೇಕೆಂದೇ ಬೆರೆಸುತ್ತಾರೆ. ಈ ಗ್ಯಾಸು ಗಾಳಿಗಿಂತ ಭಾರ. ಕಿಟಕಿಯಿಂದ ತಾನಾಗಿ ಹಾರಿಹೋಗದೆ ನೆಲಕ್ಕೆ, ಸೀಟಿನ ಸಂದಿಗೆ, ಹಾಸಿಗೆಯ ಅಡಿಗೆ ನೀರಿನ ಹಾಗೆ ಹರಿದು ಕೂರುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಗ್ಯಾಸು. ಗಾಳಿಯಲ್ಲಿ ಶೇಕಡಾ ಎರಡರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಭಾವ ಊದುಬತ್ತಿಯನ್ನು ನೆಲದಲ್ಲಿ ಇಡದೆ ಡ್ಯಾಶ್‌ಬೋರ್ಡಿನ ಗಣಪತಿಯ ಮುಂದೆ ಇಟ್ಟಿದ್ದರು, ಮಳೆ ನಿಂತಿದ್ದರಿಂದ ಬಾಗಿಲು ತೆರೆದಿದ್ದರು. ಅಕ್ಕ ಇದನ್ನು ನಗುತ್ತಾ ಹೇಳಲು ಉಳಿದಿರುವುದು ಇವೆರಡರಿಂದ. ಭಾವ ಮಾತ್ರ ಅದರ ಶ್ರೇಯಸ್ಸನ್ನು ಊದುಬತ್ತಿಯ ಬ್ರ್ಯಾಂಡಿಗೆ ಕೊಡುತ್ತಾರೆ.

2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೈಯಲ್ಲಿ ನಿಂತಿದ್ದ ಯಾತ್ರಿಕರ ರೈಲುಬೋಗಿಗೆ ಬೆಂಕಿ ಬಿತ್ತು. ಲಖನೌ ಕಡೆಯಿಂದ ಬಂದವರು. ಕಾನೂನಿಗೆ ಕಣ್ಣು ತಪ್ಪಿಸಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರಿನಲ್ಲಿ ಚಹಾ ಕಾಸಲು ಹೋಗಿ ಒಂಬತ್ತು ಜನ ಸತ್ತರು. ಇದನ್ನು ಭಾವನಿಗೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವು ಚಹಾ ಕುಡಿಯಲ್ಲವಲ್ಲ, ಕಾಫಿ" ಎಂದರು. ತಮಾಷೆಗೇ ಅಂದದ್ದು. ಆದರೆ ಮಾರನೆಯ ಬೆಳಗ್ಗೆ ಅವರೇ ಫೋನು ಮಾಡಿ, ಟ್ಯಾಂಕು ಬಿಚ್ಚಿಸುವುದಕ್ಕೆ ಎಷ್ಟು ಹೊತ್ತಿಗೆ ಬರುತ್ತೀಯ, ಒಂಬತ್ತರಿಂದ ಹತ್ತೂವರೆ ರಾಹುಕಾಲ ಬೇಡ ಅಂದರು. ಅವತ್ತು ಶನಿವಾರ.

ಟ್ಯಾಂಕು ನಪಾಸಾಯಿತು. ನೀರಿನ ತನಕ ಹೋಗುವುದೇ ಬೇಕಾಗಲಿಲ್ಲ. ಅದನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ತೇವ ಕೂತು ಕೂತು ಸಿಡುಬಿನ ಕಲೆಯಂಥ ಗುಳಿಗಳು. ಪರೀಕ್ಷೆ ಮಾಡುವ ಹುಡುಗ ಒಂದು ಗುಳಿಗೆ ಸೂಜಿಮೊನೆಯ ಮಾಪಕ ಇಟ್ಟು, ತಲೆ ಅಲ್ಲಾಡಿಸಿ, ಸೀಮೆಸುಣ್ಣದಲ್ಲಿ ಗುಣಾಕಾರದ ಗುರುತು ಹಾಕಿದ. ಭಾವ ಚೌಕಾಸಿಗೆ ಇಳಿದರು: ಒಂದೆರಡು ವರ್ಷಕ್ಕಾದರೂ ಬರೆದುಕೊಡಪ್ಪಾ. ಆಗಲಿಲ್ಲ. ಹಾಗಾದರೆ ವಾಪಸ್ ಕೊಡು, ತಾರಸಿಯಲ್ಲಿ ತುಳಸಿಗೆ ಆಗುತ್ತೆ ಎಂದರು. ಅದೂ ಆಗಲಿಲ್ಲ. ತಿರಸ್ಕರಿಸಿದ ಟ್ಯಾಂಕನ್ನು ಚಪ್ಪಟೆ ಮಾಡಬೇಕು, ಇಲ್ಲವೇ ತುಂಡು ಮಾಡಬೇಕೆಂದು ನಿಯಮ. ಹಾಗೇ ಬಿಟ್ಟರೆ ಬಣ್ಣ ಬಳಿದುಕೊಂಡು ಇನ್ಯಾರದೋ ತಲೆದಿಂಬಿನ ಕೆಳಗೆ ಹೋಗುತ್ತದೆ. ಹೊಸ ಟ್ಯಾಂಕಿನ ಬಿಲ್ಲು ನೋಡಿ ಭಾವ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮನೆಯ ಸಿಲಿಂಡರನ್ನು ಗಾಡಿಯಿಂದ ಇಳಿಸಿದ್ದಾರೆ. ಕಾಫಿ ಈಗ ಫ್ಲಾಸ್ಕಿನಲ್ಲಿ.

ಓಮ್ನಿ ಇಲ್ಲದ ಓದುಗರು ನಿಶ್ಚಿಂತೆಯಿಂದ ಕಾಲು ಚಾಚುವುದು ಬೇಡ. ನಿಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನ ಕೊರಳಿನ ಬಳೆಯನ್ನು ಹೊತ್ತ ಮೂರು ಪಟ್ಟಿಗಳಲ್ಲಿ ಒಂದರ ಒಳಮೈ ನೋಡಿ. ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ಎರಡಂಕಿಯ ವರ್ಷ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ವಾಟ್ಸ್ಯಾಪ್ ಪಂಡಿತರು ಹೇಳುವ ಹಾಗೆ ಅದು ಗ್ಯಾಸು ಕೆಡುವ ದಿನವಲ್ಲ. ಸಿಲಿಂಡರು ಮುಂದಿನ ಪರೀಕ್ಷೆಗೆ ಕೂರಬೇಕಾದ ಗಡುವು. ಹೊಸದಕ್ಕೆ ಹತ್ತು ವರ್ಷ, ಆಮೇಲೆ ಐದೈದು ವರ್ಷಕ್ಕೊಂದು. ಗಡುವು ದಾಟಿದ್ದು ಬಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ತಂದ ಹುಡುಗನ ಮೇಲೆ ರೇಗಬೇಡಿ, ತುಂಬಿದವನು ಅವನಲ್ಲ. ಕಿತ್ತಳೆ ಬಣ್ಣದ ರಬ್ಬರ್ ಪೈಪಿನ ಮೇಲೂ ತಾರೀಖಿರುತ್ತದೆ, ಐದು ವರ್ಷ ಆಗಿದ್ದರೆ ಬದಲಾಯಿಸಿ. ಸೋರುತ್ತಿದೆಯೇ ಎಂದು ಸಾಬೂನು ನೀರಿನಲ್ಲಿ ನೋಡಿ, ಕಡ್ಡಿ ಗೀರಬೇಡಿ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಿ. ಊದುಬತ್ತಿಯನ್ನು ಅವರು ಬಂದು ಹೋದಮೇಲೆ ಹಚ್ಚಿದರಾಯಿತು.