ಐದು ಅಂಕದ ಅಹವಾಲು

ಕರ್ನಾಟಕದಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತಾರೆ. ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪತ್ರ ಬರೆಯಬೇಕು. ಐದು ಅಂಕ. ಪ್ರವಾಸಕ್ಕೆ ದುಡ್ಡು ಕಳಿಸಿ ಎಂದು ಅಪ್ಪನಿಗಾದರೂ ಬರೆಯಬಹುದು, ಚರಂಡಿ ಕಟ್ಟಿಕೊಂಡಿದೆ, ರಸ್ತೆಯಲ್ಲಿ ಗುಂಡಿ ಬಿದ್ದಿದೆ ಎಂದು ಆಯುಕ್ತರಿಗೋ ಪತ್ರಿಕೆಯ ಸಂಪಾದಕರಿಗೋ ಆದರೂ ಬರೆಯಬಹುದು. ಹೀಗೆ ಒಂದೇ ಬೆಳಗ್ಗೆ ರಾಜ್ಯದಲ್ಲಿ ಲಕ್ಷಾಂತರ ಅಹವಾಲುಗಳು ಹುಟ್ಟುತ್ತವೆ. ಒಂದೂ ಟಪಾಲಿಗೆ ಬೀಳುವುದಿಲ್ಲ.

ಬರೆಯುವ ಮಗುವಿಗೆ ಸ್ವಂತ ಹೆಸರು ಹಾಕುವ ಹಕ್ಕೂ ಇಲ್ಲ. ನೀವು ಇಂಥವರೆಂದು ಭಾವಿಸಿಕೊಳ್ಳಿ ಎಂದು ಪ್ರಶ್ನೆಪತ್ರಿಕೆಯೇ ನಾಮಕರಣ ಮಾಡಿ ಮುಗಿಸಿರುತ್ತದೆ. ಬರೆದವರು ಸುಳ್ಳು, ಬರೆಸಿಕೊಂಡವರು ಸುಳ್ಳು, ಗುಂಡಿಯೊಂದೇ ನಿಜ. ಮೌಲ್ಯಮಾಪಕರು ಮೇಲೆ ವಿಳಾಸ, ದಿನಾಂಕ, ಕೆಳಗೆ ‘ವಿಧೇಯ’ ಎಲ್ಲ ಸರಿಯಾಗಿ ಕೂತಿವೆಯೇ ನೋಡಿ ಅಂಕ ಹಾಕುತ್ತಾರೆ. ಗುಂಡಿ ಎಷ್ಟು ಆಳ ಎಂದು ಯಾರೂ ಕೇಳುವುದಿಲ್ಲ, ಅದಕ್ಕೆ ಅಂಕವಿಲ್ಲ.

ಈ ಪತ್ರ ಬರೆದು ಪಾಸಾದವರನ್ನು ನೋಡಬೇಕೆಂದರೆ ಶಿವಮೊಗ್ಗದ ಸವಳಂಗ ರಸ್ತೆಗೆ ಬನ್ನಿ. ನವುಲೆಯಲ್ಲಿ ಜವಾಹರಲಾಲ್ ನೆಹರು ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ, ಕೃಷಿ ಕಾಲೇಜೂ ಅಲ್ಲೇ ಇದೆ. ಕೃಷಿ ಓದುವ ಹುಡುಗ ಕೊನೆಯ ವರ್ಷ ಹಳ್ಳಿಗೆ ಹೋಗಿ ರೈತರ ಜೊತೆಗಿದ್ದು, ಅವರ ತೋಟದ ರೋಗ ರುಜಿನವನ್ನೆಲ್ಲ ಕಂಡು, ಅದನ್ನು ಇಂಗ್ಲಿಷಿನಲ್ಲಿ ರೆಕಾರ್ಡ್ ಬುಕ್ಕಿಗೆ ಇಳಿಸುತ್ತಾನೆ. ರೈತ ಅದನ್ನು ಓದಲಾರ, ಮೇಷ್ಟ್ರು ಸಹಿ ಹಾಕದೆ ಇರಲಾರರು. ಎಂಜಿನಿಯರಿಂಗ್ ಓದುವ ಹುಡುಗಿ ಸೀನಿಯರ್ ಬರೆದ ರೆಕಾರ್ಡನ್ನು ನಕಲು ಮಾಡುತ್ತಾಳೆ. ಆ ಸೀನಿಯರ್ ತನ್ನ ಸೀನಿಯರ್ ಬರೆದದ್ದನ್ನು ನಕಲು ಮಾಡಿದ್ದ. ಅಕ್ಷರ ತಪ್ಪುಗಳು ಕೂಡ ವಂಶಪಾರಂಪರ್ಯವಾಗಿ ಇಳಿದು ಬಂದಿರುತ್ತವೆ.

ಇದೇ ಮಕ್ಕಳಿಗೆ ಬರೆಯಲು ಸೋಮಾರಿತನ ಅನ್ನುವ ಹಾಗಿಲ್ಲ. ಕ್ಲಾಸಿನಲ್ಲಿ ಅರ್ಧ ಪುಟಕ್ಕೆ ಕೈ ನೋವು ಬರುವ ಹುಡುಗ ಸಿಟಿ ಬಸ್ಸಿನ ಕಂಬಿ ಹಿಡಿದು ನೇತಾಡುತ್ತಲೇ ಒಂದು ಬೆರಳಿನಲ್ಲಿ ವಾಟ್ಸಾಪ್ ಪುರಾಣ ಬರೆಯುತ್ತಾನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಇಂಗ್ಲಿಷನ್ನು ಕನ್ನಡದ ಧಾಟಿಯಲ್ಲಿ. ಯಾಕೆಂದರೆ ಆ ಕಡೆ ಒಬ್ಬಳು ಓದುತ್ತಿದ್ದಾಳೆ. ನೀಲಿ ಟಿಕ್ ಬೀಳುತ್ತದೆ. ಒಂದು ಪದ ತಪ್ಪಾದರೆ ರಾತ್ರಿಯೆಲ್ಲ ಸಮಜಾಯಿಷಿ ಕೊಡಬೇಕಾಗುತ್ತದೆ. ಇಷ್ಟು ಕಟ್ಟುನಿಟ್ಟಿನ ಮೌಲ್ಯಮಾಪನ ಯಾವ ಪರೀಕ್ಷಾ ಮಂಡಳಿಯಲ್ಲಿದೆ?

ನಾವು ಇಂಗ್ಲಿಷಿಗಾಗಿ ಜಗಳವಾಡದ ದಿನವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮವಾಗಬೇಕೆಂದ 1994ರ ಆದೇಶ ಹಿಡಿದುಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಸೋತು ಬಂದೆವು. ಈ ನಡುವೆ 2007ರಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೇ ಇಂಗ್ಲಿಷ್ ತಂದೆವು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ತೆರೆದೆವು. ಯಾವ ತರಗತಿಯಿಂದ, ಯಾವ ಮಾಧ್ಯಮದಲ್ಲಿ ಎಂದು ಕಾಲು ಶತಮಾನ ಕಿತ್ತಾಡಿದೆವು. ಬರೆದರೆ ಯಾರು ಓದುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಓದುವವನೊಬ್ಬ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಹುಡುಗನೊಬ್ಬ ಮೈಸೂರಿಗೆ ಓದಲು ಹೋಗಿ ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದ. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನ 1922ರಲ್ಲಿ ಅಚ್ಚೂ ಆಯಿತು. ಅವನ ಬರವಣಿಗೆ ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ಭಾಷೆಯಲ್ಲೇ ಬರೆ ಎಂದರು. ಕನ್ನಡಕ್ಕೆ ಕುವೆಂಪು ದಕ್ಕಿದ್ದು ಹಾಗೆ. ಕಸಿನ್ಸ್ ಜಾಗದಲ್ಲಿ ನಮ್ಮ ಮೌಲ್ಯಮಾಪಕರಿದ್ದಿದ್ದರೆ ಐದಕ್ಕೆ ನಾಲ್ಕೂವರೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ನಾಲ್ಕೂವರೆ ಬಂದ ಖುಷಿಯಲ್ಲಿ ಹುಡುಗ ಇಂಗ್ಲಿಷಿನಲ್ಲೇ ಮುಂದುವರಿಯುತ್ತಿದ್ದ.

ಆದ್ದರಿಂದ ನನ್ನದೊಂದು ಸಲಹೆ. ಮಕ್ಕಳು ಪತ್ರ ಬರೆಯಲಿ, ಆದರೆ ಮಾಹಿತಿ ಹಕ್ಕು ಕಾಯ್ದೆಯಡಿ ಬರೆಯಲಿ. 2005ರ ಈ ಕಾಯ್ದೆಯ ಅರ್ಜಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಬಹುದು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದಕ್ಕಿಂತ ಚೆಂದದ ಪ್ರಬಂಧದ ಸೂಚನೆಯನ್ನು ಯಾವ ಪ್ರಶ್ನೆಪತ್ರಿಕೆ ಕೊಟ್ಟಿದೆ? ಓದಲೇಬೇಕೆಂದು ಕಾನೂನೇ ಕಟ್ಟಿಹಾಕಿದ ಓದುಗ ಬೇರೆ ಯಾವ ಲೇಖಕನಿಗೆ ಸಿಕ್ಕಿದ್ದಾನೆ? 2012ರಲ್ಲಿ ಲಖನೌದ ಶಾಲಾ ಬಾಲಕಿಯೊಬ್ಬಳು ಗಾಂಧೀಜಿಗೆ ರಾಷ್ಟ್ರಪಿತ ಎಂಬ ಬಿರುದು ಕೊಟ್ಟ ಆದೇಶದ ಪ್ರತಿ ಕೊಡಿ ಎಂದು ಕೇಳಿದಳು. ಅರ್ಜಿ ಪ್ರಧಾನಿ ಕಚೇರಿಯಿಂದ ಗೃಹ ಸಚಿವಾಲಯಕ್ಕೆ, ಅಲ್ಲಿಂದ ರಾಷ್ಟ್ರೀಯ ಪತ್ರಾಗಾರಕ್ಕೆ ಅಲೆಯಿತು. ಕೊನೆಗೆ ಅಂಥ ದಾಖಲೆಯೇ ಇಲ್ಲ ಎಂಬ ಉತ್ತರ ಬಂತು. ಒಂದು ಮಗುವಿನ ಒಂದು ವಾಕ್ಯ ದೆಹಲಿಯ ಮೂರು ಕಚೇರಿಗಳಿಗೆ ಹೋಂವರ್ಕ್ ಕೊಟ್ಟಿತು.

ಶಿವಮೊಗ್ಗದ ಮಕ್ಕಳಿಗೆ ವಿಷಯಗಳಿಗೇನೂ ಬರವಿಲ್ಲ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನಮ್ಮ ಶಾಲೆಯ ಮುಂದಿನ ಫುಟ್‌ಪಾತಿಗೆ ಎಷ್ಟು ಖರ್ಚಾಯಿತು, ಅದರ ಮೇಲೆ ನಡೆಯುವವರು ಯಾರು, ಬೈಕು ನಿಲ್ಲಿಸುವವರು ಯಾರು ಎಂದು ಎಂಟನೇ ತರಗತಿಯ ಹುಡುಗಿ ಕೇಳಲಿ. ಕ್ರಿಯಾಪದ ತಪ್ಪಿದರೆ ಮೇಷ್ಟ್ರು ತಿದ್ದಲಿ. ಅರ್ಥವಾಗದ ವಾಕ್ಯಕ್ಕೆ ಉತ್ತರ ಬರುವುದಿಲ್ಲ ಎಂದು ಗೊತ್ತಾದ ದಿನ ಮಗು ತಾನಾಗಿಯೇ ವ್ಯಾಕರಣ ಕೇಳಿಕೊಂಡು ಬರುತ್ತದೆ.

ಆಕ್ಷೇಪಣೆಗಳು ಈಗಾಗಲೇ ಕಿವಿಗೆ ಬೀಳುತ್ತಿವೆ. ಸಿಲಬಸ್ ಮುಗಿಯುವುದಿಲ್ಲ ಎಂದು ಮೇಷ್ಟ್ರು. ಇದಕ್ಕೆ ಎಷ್ಟು ಮಾರ್ಕ್ಸು ಎಂದು ಅಪ್ಪ. ಮಕ್ಕಳನ್ನು ರಾಜಕೀಯಕ್ಕೆ ಎಳೆಯಬೇಡಿ ಎಂದು ರಾಜಕಾರಣಿ. ಮೂರು ತಿಂಗಳಲ್ಲಿ ಇಂಗ್ಲಿಷ್ ಮಾತಾಡಿಸುತ್ತೇವೆಂದು ಬೋರ್ಡು ನೇತುಹಾಕಿದವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಅವರ ಎದೆಬಡಿತ ಮಾತ್ರ ಕೇಳಿಸುತ್ತದೆ.

ಇಲಾಖೆ ಅಕಸ್ಮಾತ್ ಒಪ್ಪಿಬಿಟ್ಟರೆ? ಮರುವಾರ ಸುತ್ತೋಲೆ ಬರುತ್ತದೆ: ಎಲ್ಲ ಶಾಲೆಗಳಲ್ಲಿ ಒಂದೇ ದಿನ, ಒಂದೇ ಸಮಯಕ್ಕೆ, ಲಗತ್ತಿಸಿದ ನಮೂನೆಯಲ್ಲಿ ಮಕ್ಕಳು ಸ್ವಂತ ಪ್ರಶ್ನೆ ಕೇಳತಕ್ಕದ್ದು, ಫೋಟೊ ಅಪ್‌ಲೋಡ್ ಮಾಡತಕ್ಕದ್ದು. ಅದರ ಮರುದಿನವೇ ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ‘ಸ್ವಂತ ಪ್ರಶ್ನೆಗಳು, ಉತ್ತರ ಸಹಿತ’ ಐದು ರೂಪಾಯಿಗೆ ಸಿಗುತ್ತದೆ.