ಹೊಸಹಾಡು ವಿಮರ್ಶಾ ಲಕ್ಷಣಸಾರ

1. ಲಕ್ಷಣ

ಹೊಸದಾಗಿ ಬಿಡುಗಡೆಯಾದ ಸಿನಿಮಾ ಹಾಡನ್ನು ಒಮ್ಮೆ ಕೇಳಿ, ಹಳೆಯ ಹಾಡೊಂದನ್ನು ನೆನೆದು, ನಿಟ್ಟುಸಿರು ಬಿಟ್ಟು, ಕೊನೆಗೆ ನಕ್ಷತ್ರ ಕಟ್ಟುವ ವಿದ್ಯೆಗೆ ಹೊಸಹಾಡು ವಿಮರ್ಶೆ ಎಂದು ಹೆಸರು. ಈ ನಾಲ್ಕು ಕ್ರಿಯೆಗಳಲ್ಲಿ ಮೊದಲನೆಯದನ್ನು ಬಿಟ್ಟರೂ ಲಕ್ಷಣಕ್ಕೆ ಕುಂದಿಲ್ಲ ಎಂಬ ಪಕ್ಷವೂ ಉಂಟು. ಕನ್ನಡ ನಾಡಿನವರು ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು 9ನೆಯ ಶತಮಾನದ ‘ಕವಿರಾಜಮಾರ್ಗ’ ಮೆಚ್ಚಿಕೊಂಡಿತ್ತು. ಕುರಿತು ಕೇಳದೆಯೂ ಅಭಿಪ್ರಾಯದಲ್ಲಿ ನುರಿತವರು ಅದೇ ಪರಂಪರೆಯ ವಾರಸುದಾರರು.

2. ವಸ್ತು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಲ್ಲಿಂದ ಹಾಡು ಗ್ರಾಮಫೋನ್ ತಟ್ಟೆ, ರೇಡಿಯೋ, ಕ್ಯಾಸೆಟ್, ಸಿ.ಡಿ.ಗಳನ್ನು ದಾಟಿ ಈಗ ಲಿರಿಕಲ್ ವಿಡಿಯೋ ಆಗಿ ನಿಂತಿದೆ. ಕ್ಯಾಸೆಟ್ ಯುಗದ ವಿಮರ್ಶಕ ದುಡ್ಡು ಕೊಟ್ಟಿರುತ್ತಿದ್ದ. ಹಿಡಿಸದಿದ್ದರೂ ಕೊಟ್ಟ ದುಡ್ಡು ಹುಟ್ಟಲೆಂದು ಹತ್ತು ಸಲ ಕೇಳುತ್ತಿದ್ದ, ಹತ್ತನೆಯ ಸಲಕ್ಕೆ ಹಿಡಿಸಿಯೂ ಬಿಡುತ್ತಿತ್ತು. ಈಗ ಹಾಡು ಬಿಟ್ಟಿ. ಆದ್ದರಿಂದ ಪಲ್ಲವಿ ಮುಗಿಯುವ ಮೊದಲೇ ತೀರ್ಪು ಹೊರಬೀಳುತ್ತದೆ.

3. ಶ್ರವಣವಿಧಿ

ಪ್ರಶಸ್ತವಾದ ಸ್ಥಳ ದರ್ಶಿನಿ. ನಿಂತು ತಿನ್ನುವ ಮೇಜಿನ ಮೇಲೆ ಬೈಟು ಕಾಫಿಯ ಸ್ಟೀಲ್ ಲೋಟಕ್ಕೆ ಮೊಬೈಲನ್ನು ಒರಗಿಸಿ ಹಾಡು ಹಚ್ಚಬೇಕು. ಲೋಟ ಗಿಂಯ್‌ಗುಟ್ಟುತ್ತದೆ; ‘ವಾದ್ಯಗಳ ಅಬ್ಬರ ಜಾಸ್ತಿಯಾಯಿತು’ ಎಂಬ ಆಕ್ಷೇಪದ ಮೂಲ ಇದು. ಚರಣದ ಎರಡನೆಯ ಸಾಲಿಗೆ ಸರಿಯಾಗಿ ಕೌಂಟರಿನಿಂದ ‘ಎರಡು ಖಾಲಿ ದೋಸೆ’ ಎಂಬ ಕೂಗು ಬರುತ್ತದೆ. ‘ಸಾಹಿತ್ಯ ಸ್ಪಷ್ಟವಾಗಿ ಕೇಳಿಸುವುದಿಲ್ಲ’ ಎಂಬ ಆಕ್ಷೇಪದ ಮೂಲ ಅದು. ಕಾಫಿ ಆರುವುದರೊಳಗೆ ಕೇಳುವಿಕೆ ಮುಗಿಯತಕ್ಕದ್ದು.

4. ರಾಗನಿರ್ಣಯ

ಮೋಹನಕ್ಕೆ ಐದೇ ಸ್ವರ: ಸ, ರಿ, ಗ, ಪ, ದ. ಅದರ ಗಾಂಧಾರವನ್ನು ಒಂದು ಮೆಟ್ಟಿಲು ಕೆಳಗಿಳಿಸಿದರೆ ಶಿವರಂಜನಿ. ಈ ಸೂಕ್ಷ್ಮವನ್ನು ಸಂಗೀತಗಾರರು ಗಾಂಧಾರ ಕೇಳಿ ಹಿಡಿಯುತ್ತಾರೆ; ವಿಮರ್ಶಕರು ನಾಯಕಿಯ ಮುಖ ನೋಡಿ ಹಿಡಿಯುತ್ತಾರೆ. ನಕ್ಕರೆ ಮೋಹನ, ಅತ್ತರೆ ಶಿವರಂಜನಿ. ಮುಖ ಕಾಣದಿದ್ದಲ್ಲಿ ‘ಛಾಯೆಯಿದೆ’ ಎನ್ನಬೇಕು. ಛಾಯೆ ಇಲ್ಲವೆಂದು ಸಾಧಿಸುವುದು ವಿದ್ವಾಂಸರಿಗೂ ಕಷ್ಟ.

5. ಉಚ್ಚಾರಣಾದೋಷ

ಗಾಯಕರು ಮುಂಬೈಯವರಾದರೆ ಈ ಅಧ್ಯಾಯ ಕಡ್ಡಾಯ. ‘ಳ’ಕಾರವು ‘ಲ’ಕಾರವಾದಾಗ ಹಳ್ಳಿಯ ಹುಡುಗಿ ಹಲ್ಲಿಯ ಹುಡುಗಿಯಾಗುತ್ತಾಳೆ, ಮಳೆಯಲ್ಲಿ ನೆನೆಯಬೇಕಾದವಳು ಮಲೆ ಹತ್ತುತ್ತಾಳೆ. ದೋಷ ನಿಜವಾದದ್ದೇ. ಅದನ್ನು ಎತ್ತಿ ತೋರಿಸುವ ವಿಮರ್ಶಕ ‘ಹಾಡು’ ಎಂಬುದನ್ನು ‘ಆಡು’ ಎಂದು ಉಚ್ಚರಿಸಿದರೆ ಮಾತ್ರ ಅದು ದೋಷವಲ್ಲ, ಪ್ರಾದೇಶಿಕ ಸೊಗಡು.

6. ಧ್ವನಿಪ್ರಕರಣ

ಆನಂದವರ್ಧನನ ‘ಧ್ವನ್ಯಾಲೋಕ’ದ ಪ್ರಕಾರ ಕಾವ್ಯದ ಆತ್ಮ ಧ್ವನಿ, ಅಂದರೆ ವಾಚ್ಯಾರ್ಥದ ಆಚೆಗೆ ಹೊಳೆಯುವ ವ್ಯಂಗ್ಯಾರ್ಥ. ಈ ಸಿದ್ಧಾಂತ ಇಂದು ಹಾಡುಗಳಿಗಿಂತ ಅವುಗಳ ವಿಮರ್ಶೆಗೆ ಹೆಚ್ಚು ಒಪ್ಪುತ್ತದೆ. ‘ಕೇಳುತ್ತ ಕೇಳುತ್ತ ಇಷ್ಟವಾಗುತ್ತದೆ’ ಎಂದರೆ ಈಗ ಇಷ್ಟವಾಗಿಲ್ಲ. ‘ಸನ್ನಿವೇಶಕ್ಕೆ ತಕ್ಕಂತಿದೆ’ ಎಂದರೆ ಥಿಯೇಟರಿನ ಹೊರಗೆ ಯಾರೂ ಗುನುಗುವುದಿಲ್ಲ. ‘ಪ್ರಯೋಗಶೀಲ’ ಎಂದರೆ ಪಲ್ಲವಿ ಎಲ್ಲಿ ಮುಗಿದು ಚರಣ ಎಲ್ಲಿ ಶುರುವಾಯಿತೆಂದು ತಿಳಿಯಲಿಲ್ಲ. ‘ಸಾಹಿತ್ಯ ಅರ್ಥಪೂರ್ಣ’ ಎಂದರೆ ಟ್ಯೂನು ನೆನಪಿಲ್ಲ; ‘ಟ್ಯೂನು ಗುಂಗು ಹಿಡಿಸುತ್ತದೆ’ ಎಂದರೆ ಸಾಹಿತ್ಯ ನೆನಪಿಲ್ಲ. ‘ಪಡ್ಡೆ ಹೈಕಳಿಗೆ ಹೇಳಿ ಮಾಡಿಸಿದ ಹಾಡು’ ಎಂಬಲ್ಲಿ ಬರೆದವರ ವಯಸ್ಸು ಧ್ವನಿತವಾಗಿದೆ. ‘ಚಿತ್ರತಂಡ ಖುಷಿಯಾಗಿದೆ’ ಎಂಬಲ್ಲಿ ಮಾತ್ರ ವಾಚ್ಯ, ವ್ಯಂಗ್ಯ ಎರಡೂ ಒಂದೇ: ಬೇರೆ ಯಾರೂ ಆಗಿಲ್ಲ.

7. ನಕ್ಷತ್ರವಿಚಾರ

ಜ್ಯೋತಿಷದಲ್ಲಿ ನಕ್ಷತ್ರಗಳು 27, ವಿಮರ್ಶೆಯಲ್ಲಿ 5. ಒಂದು ಕೊಟ್ಟರೆ ಅಭಿಮಾನಿಗಳು ಬಿಡುವುದಿಲ್ಲ, ಐದು ಕೊಟ್ಟರೆ ಓದುಗರು ನಂಬುವುದಿಲ್ಲ. ಆದಕಾರಣ ಬಹುಪಾಲು ಹಾಡುಗಳು ಎರಡೂವರೆಯಲ್ಲೇ ಹುಟ್ಟುತ್ತವೆ. ನಿರ್ಮಾಪಕರು ಪರಿಚಿತರಾಗಿದ್ದರೆ ಮೂರು. ಪತ್ರಿಕಾಗೋಷ್ಠಿಯ ಊಟ ಚೆನ್ನಾಗಿದ್ದರೆ ಅದರ ಮೇಲೊಂದು ಅರ್ಧ.

8. ಕಾಲನಿರ್ಣಯ

ಹೊಸ ಅಕ್ಕಿಯ ಅನ್ನ ಮುದ್ದೆ, ಹಳೆ ಅಕ್ಕಿಯದು ಉದುರುದುರು. ಹಾಡಿಗೂ ಇದೇ ನ್ಯಾಯ. ಹಂಸಲೇಖ ಸಂಗೀತದ ‘ಪ್ರೇಮಲೋಕ’ ಬಂದದ್ದು 1987ರಲ್ಲಿ. ಮನೋಮೂರ್ತಿ ಸಂಗೀತದ ‘ಮುಂಗಾರು ಮಳೆ’ 2006ರ ಕೊನೆಯಲ್ಲಿ. ಇಂದಿನ ಹಾಡುಗಳನ್ನು ಅಳೆಯಲು ವಿಮರ್ಶಕ ಹೊರತೆಗೆಯುವ ಅಳತೆಗೋಲುಗಳಲ್ಲಿ ಈ ಎರಡೂ ಇವೆ. ಬಂದ ವಾರದಲ್ಲಿ ಇವೂ ಹೊಸ ಹಾಡುಗಳೇ ಆಗಿದ್ದವು, ಇವುಗಳನ್ನು ಅಳೆಯಲು ಬೇರೊಂದು ಕೋಲು ಇತ್ತು. ಇದರಿಂದ ಸಿದ್ಧವಾಗುವ ನಿಯಮವೆಂದರೆ, ವಿಮರ್ಶಕ ಹೊಸ ಹಾಡನ್ನು ಹೋಲಿಸುವುದು ಹಳೆಯ ಹಾಡಿಗಲ್ಲ. ಆ ಹಾಡು ಬಂದ ವರ್ಷದ ತನಗೆ, ಅಂದರೆ ಕಾಲೇಜಿನ ಕೊನೆಯ ಬೆಂಚಿಗೆ, ಮಳೆಯಲ್ಲಿ ತಪ್ಪಿಹೋದ ಬಸ್ಸಿಗೆ.

ಈ ಶುಕ್ರವಾರ ಎರಡೂವರೆ ನಕ್ಷತ್ರ ಪಡೆದ ಹಾಡಿಗೆ ಉಳಿದ ಎರಡೂವರೆ ಸುಮಾರು ಇಪ್ಪತ್ತು ವರ್ಷಗಳಲ್ಲಿ ಸಂದಾಯವಾಗುತ್ತದೆ. ಆಗ ಅದನ್ನು ಕೊಡುವವರು ಇಂದು ದರ್ಶಿನಿಯ ಪಕ್ಕದ ಮೇಜಿನಲ್ಲಿ ಅದೇ ಹಾಡನ್ನು ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಕೇಳುತ್ತಿದ್ದಾರೆ. ಅವರ ಕಾಫಿ ಆಗಲೇ ಆರಿದೆ.